ಕೈ ಒಬ್ಬನದು, ಸಂಚು ಇನ್ನೊಬ್ಬನದು: ಅಂಕೋಲಾ, ಕಾರವಾರದ ಎರಡು ಕೊಲೆ ಪ್ರಕರಣಗಳು

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ಮತ್ತು ಕಾರವಾರ ಅಕ್ಕಪಕ್ಕದ ತಾಲ್ಲೂಕುಗಳು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎರಡೂ ಪೇಟೆಗಳ ನಡುವೆ ಒಂದು ಗಂಟೆಯ ದಾರಿಯೂ ಇಲ್ಲ. ಹನ್ನೊಂದು ವರ್ಷಗಳ ಅಂತರದಲ್ಲಿ ಈ ಎರಡು ತಾಲ್ಲೂಕುಗಳಲ್ಲಿ ನಡೆದ ಎರಡು ಕೊಲೆಗಳು ರಾಜ್ಯದ ಗಮನ ಸೆಳೆದವು. 2013ರಲ್ಲಿ ಅಂಕೋಲಾದ ಉದ್ಯಮಿ ಆರ್.ಎನ್. ನಾಯಕ ಅವರ ಹತ್ಯೆಯಾಯಿತು. 2024ರಲ್ಲಿ ಕಾರವಾರ ತಾಲ್ಲೂಕಿನ ಹಣಕೋಣದಲ್ಲಿ ಪುಣೆಯ ಉದ್ಯಮಿಯೊಬ್ಬರ ಹತ್ಯೆಯಾಯಿತು. ಮೊದಲನೆಯದರಲ್ಲಿ ಕೊಲ್ಲಿಸಿದವನು ವಿದೇಶದಲ್ಲಿದ್ದ ಭೂಗತ ಪಾತಕಿ. ಎರಡನೆಯದರಲ್ಲಿ ಪೊಲೀಸರು ಬೊಟ್ಟು ಮಾಡಿದ್ದು ಸತ್ತವರಿಗೆ ಪರಿಚಿತನಾಗಿದ್ದವನ ಕಡೆಗೆ. ಎರಡರಲ್ಲೂ ಆಯುಧ ಹಿಡಿದವರು ಬೇರೆ, ಕೊಲೆ ಬಯಸಿದವರು ಬೇರೆ.

ಕೊಲೆ ನಡೆದ ಹೊತ್ತಿಗೆ ಸ್ಥಳದಲ್ಲೇ ಇಲ್ಲದವನನ್ನು ಕಾನೂನು ಹೇಗೆ ಹಿಡಿಯುತ್ತದೆ? ಯಾವ ಸಾಕ್ಷ್ಯ ನಿಲ್ಲುತ್ತದೆ, ಯಾವುದು ಬೀಳುತ್ತದೆ? ಈ ಎರಡು ಪ್ರಕರಣಗಳನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಅಂಕೋಲಾ, 21 ಡಿಸೆಂಬರ್ 2013

ಅದೊಂದು ಶನಿವಾರ. ಉದ್ಯಮಿಯೂ ಬಿಜೆಪಿ ಮುಖಂಡರೂ ಆಗಿದ್ದ ಆರ್.ಎನ್. ನಾಯಕ ಅವರ ಮೇಲೆ ಅಂಕೋಲಾ ಪೇಟೆಯಲ್ಲಿ ಹಾಡಹಗಲೇ ಗುಂಡಿನ ದಾಳಿ ನಡೆಯಿತು. ಅವರು ಬದುಕುಳಿಯಲಿಲ್ಲ. ಬೆದರಿಕೆಯ ಕಾರಣ ಅವರಿಗೆ ಪೊಲೀಸ್ ರಕ್ಷಣೆ ಒದಗಿಸಲಾಗಿತ್ತು. ಜೊತೆಯಲ್ಲಿದ್ದ ಗನ್‌ಮ್ಯಾನ್ ಪ್ರತಿದಾಳಿ ಮಾಡಿದಾಗ ಹಂತಕರಲ್ಲಿ ಒಬ್ಬ ಸತ್ತ. ಆತ ಉತ್ತರ ಪ್ರದೇಶದವನು.

ಅಂಕೋಲಾಕ್ಕೂ ಆ ಯುವಕನಿಗೂ ಯಾವ ನಂಟೂ ಇರಲಿಲ್ಲ. ಎಲ್ಲೋ ಹುಟ್ಟಿ ಬೆಳೆದವನು ಸಾವಿರಾರು ಕಿಲೋಮೀಟರ್ ದಾಟಿ ಬಂದು, ತನಗೆ ಗುರುತಿಲ್ಲದ ವ್ಯಕ್ತಿಯ ಮೇಲೆ ಗುಂಡು ಹಾರಿಸಿದನೆಂದರೆ, ಕಳುಹಿಸಿದವನು ಬೇರೆ ಇದ್ದಾನೆ ಎಂಬುದು ಅಲ್ಲಿಯೇ ತಿಳಿಯುತ್ತಿತ್ತು. ತನಿಖೆ ಆ ದಿಕ್ಕಿನಲ್ಲೇ ಸಾಗಿತು. 3 ಕೋಟಿ ರೂಪಾಯಿ ಹಫ್ತಾ ಕೊಡಲು ನಾಯಕರು ಒಪ್ಪದಿದ್ದದ್ದೇ ಕೊಲೆಗೆ ಕಾರಣ ಎಂದು ಪೊಲೀಸರು ಆರೋಪಿಸಿದರು. ಕೊಲೆಯ ಸೂತ್ರಧಾರನೆಂದು ಅವರು ಹೆಸರಿಸಿದ್ದು ಬನ್ನಂಜೆ ರಾಜಾನನ್ನು.

ಸುಪಾರಿ, ಹಫ್ತಾ: ಪದಗಳ ಹಿಂದೆ

ಸುಪಾರಿ ಎಂದರೆ ಹಿಂದಿ, ಮರಾಠಿಯಲ್ಲಿ ಅಡಿಕೆ. ಅಡಿಕೆ ತೋಟಗಳ ಜಿಲ್ಲೆಯಲ್ಲಿ ಈ ಪದ ಕೊಲೆಯ ಗುತ್ತಿಗೆಯ ಅರ್ಥದಲ್ಲೇ ಹೆಚ್ಚು ಕೇಳಿಬರುವುದು ವಿಪರ್ಯಾಸ. ಎಲೆ ಅಡಿಕೆ ಕೈಗೆ ಬಂತೆಂದರೆ ಮಾತು ಕೊಟ್ಟಂತೆ ಎಂಬುದು ನಮ್ಮಲ್ಲೂ ಹಳೆಯ ನಡೆ. ಮದುವೆಯ ವೀಳ್ಯಶಾಸ್ತ್ರದಲ್ಲೂ ಕಾವ್ಯಗಳ ರಣವೀಳ್ಯದಲ್ಲೂ ಇರುವುದು ಅದೇ ಭಾವ. ಮುಂಬೈ ಭೂಗತ ಲೋಕ ಆ ಒಪ್ಪಂದದ ಮಾತನ್ನು ಕೊಲೆಗೆ ಅಂಟಿಸಿತು.

ಹಫ್ತಾ ಎಂದರೆ ವಾರ. ವಾರವಾರ ವಸೂಲು ಮಾಡುವ ಹಣಕ್ಕೆ ಆ ಹೆಸರು ಬಂತು. ಈಗ ಒಮ್ಮೆಗೇ ಕೋಟಿಗಳನ್ನು ಕೇಳಿದರೂ ಹೆಸರು ಅದೇ. ಕಾನೂನಿನ ಭಾಷೆಯಲ್ಲಿ ಇದು ಸುಲಿಗೆ. ಪ್ರಾಣಭಯ ಒಡ್ಡಿ ಸುಲಿಗೆ ಮಾಡಿದರೆ 10 ವರ್ಷಗಳವರೆಗೆ ಜೈಲು ಶಿಕ್ಷೆಯಿದೆ.

ಕರಾವಳಿಯಲ್ಲಿ ಈ ಪದಗಳು ಬೇರೂರಲು ಮುಂಬೈ ನಂಟು ಒಂದು ಕಾರಣ. ದುಡಿಮೆಗೆಂದು ಮುಂಬೈ ಸೇರಿದ ಸಾವಿರಾರು ಕುಟುಂಬಗಳ ಬೆನ್ನಿಗೆ ಅಲ್ಲಿನ ಭೂಗತ ಗುಂಪುಗಳ ನೆರಳೂ ಊರಿಗೆ ಬಂತು. ಹೋಟೆಲ್, ಗುತ್ತಿಗೆ, ರಿಯಲ್ ಎಸ್ಟೇಟ್ ವ್ಯವಹಾರದವರಿಗೆ ವಿದೇಶದ ಸಂಖ್ಯೆಗಳಿಂದ ಕರೆ ಬರುವುದು ಮಂಗಳೂರು, ಉಡುಪಿಯಲ್ಲಿ ಹೊಸದಾಗಿರಲಿಲ್ಲ. ಅಂಕೋಲಾದ ಚಿತ್ರವೂ 2000ದ ದಶಕದಲ್ಲಿ ಬದಲಾಗಿತ್ತು. ಬಳ್ಳಾರಿ ಕಡೆಯ ಕಬ್ಬಿಣದ ಅದಿರು ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿನಿಂದ ಹಡಗೇರತೊಡಗಿದ ಮೇಲೆ ಊರಿನಲ್ಲಿ ಹಣದ ಓಡಾಟ ಹೆಚ್ಚಿತ್ತು. ಹಣ ಓಡಾಡುವ ಕಡೆ ಹಫ್ತಾ ಕೇಳುವವರ ಕಣ್ಣೂ ಇರುತ್ತದೆ.

ಮೊರಾಕ್ಕೊದಿಂದ ಬೆಂಗಳೂರಿಗೆ

ಬನ್ನಂಜೆ ಉಡುಪಿ ನಗರದ ಒಂದು ಬಡಾವಣೆ. ಅದೇ ಹೆಸರನ್ನು ಅಂಟಿಸಿಕೊಂಡ ರಾಜಾ ವರ್ಷಗಟ್ಟಲೆ ದೇಶದ ಹೊರಗಿದ್ದ. 2015ರ ಫೆಬ್ರುವರಿಯಲ್ಲಿ ಉತ್ತರ ಆಫ್ರಿಕಾದ ಮೊರಾಕ್ಕೊದಲ್ಲಿ ಸಿಕ್ಕಿಬಿದ್ದ. ಅದೇ ವರ್ಷದ ಆಗಸ್ಟ್‌ನಲ್ಲಿ ಕರ್ನಾಟಕ ಪೊಲೀಸರು ಅವನನ್ನು ಬೆಂಗಳೂರಿಗೆ ಕರೆತಂದರು.

ಇಂಥ ಆರೋಪಿಗಳ ವಿಷಯದಲ್ಲಿ ಪದೇ ಪದೇ ಕೇಳುವ ಮಾತು 'ರೆಡ್ ಕಾರ್ನರ್ ನೋಟಿಸ್'. ಇದು ಇಂಟರ್‌ಪೋಲ್ ತನ್ನ ಸದಸ್ಯ ದೇಶಗಳಿಗೆ ಕಳುಹಿಸುವ ಕೋರಿಕೆ. 'ಈ ವ್ಯಕ್ತಿ ನಮಗೆ ಬೇಕು, ಕಂಡರೆ ಪತ್ತೆಹಚ್ಚಿ ತಡೆದಿಡಿ' ಎಂಬುದು ಅದರ ತಿರುಳು. ಬಂಧಿಸುವುದೋ ಬಿಡುವುದೋ ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಭಾರತದಿಂದ ಇಂಟರ್‌ಪೋಲ್ ಜೊತೆ ವ್ಯವಹರಿಸುವ ಸಂಸ್ಥೆ ಸಿಬಿಐ. ರಾಜ್ಯದ ಪೊಲೀಸರ ಕೋರಿಕೆ ಅದರ ಮೂಲಕವೇ ಹೋಗಬೇಕು.

ಹಸ್ತಾಂತರಕ್ಕೂ ಒಂದು ಮಿತಿಯಿದೆ. ಭಾರತದ ಹಸ್ತಾಂತರ ಕಾಯ್ದೆ 1962ರದು. ವಿದೇಶವೊಂದು ಯಾವ ಅಪರಾಧಗಳಿಗಾಗಿ ಆರೋಪಿಯನ್ನು ಒಪ್ಪಿಸಿತೋ ಮುಖ್ಯವಾಗಿ ಆ ಅಪರಾಧಗಳ ವಿಚಾರಣೆಯನ್ನಷ್ಟೇ ಇಲ್ಲಿ ನಡೆಸಬಹುದು. ಕರೆತಂದ ಮೇಲೆ ಹಳೆಯ ಕಡತಗಳನ್ನೆಲ್ಲ ಬಿಚ್ಚಿ ಅವನ ಮೇಲೆ ಹೇರುವಂತಿಲ್ಲ. ಆದ್ದರಿಂದ ಕೋರಿಕೆ ಕಳುಹಿಸುವಾಗಲೇ ಯಾವ ಪ್ರಕರಣ, ಯಾವ ಕಲಂ ಎಂಬುದು ಖಚಿತವಾಗಿರಬೇಕು.

ಕೋಕಾ ಎಂದರೇನು?

ಈ ಪ್ರಕರಣದಲ್ಲಿ ಪೊಲೀಸರು ಹಿಡಿದ ದೊಡ್ಡ ಅಸ್ತ್ರ 'ಕೋಕಾ'. ಪೂರ್ಣ ಹೆಸರು ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಅಧಿನಿಯಮ, 2000. ಮುಂಬೈ ಭೂಗತ ಲೋಕವನ್ನು ಹಣಿಯಲು ಮಹಾರಾಷ್ಟ್ರ 1999ರಲ್ಲಿ ತಂದ 'ಮೋಕಾ' ಇದಕ್ಕೆ ಮಾದರಿ.

ಸಾಮಾನ್ಯ ಕೊಲೆ ಪ್ರಕರಣಕ್ಕೂ ಕೋಕಾ ಪ್ರಕರಣಕ್ಕೂ ಇರುವ ವ್ಯತ್ಯಾಸಗಳು ಹೀಗಿವೆ:

ಗುಂಪಿನ ಚರಿತ್ರೆ ಮುಖ್ಯ. ಹಿಂದಿನ 10 ವರ್ಷಗಳಲ್ಲಿ ಆ ಗುಂಪಿನ ವಿರುದ್ಧ ಒಂದಕ್ಕಿಂತ ಹೆಚ್ಚು ದೋಷಾರೋಪ ಪಟ್ಟಿಗಳು ಸಲ್ಲಿಕೆಯಾಗಿದ್ದು, ನ್ಯಾಯಾಲಯ ಅವನ್ನು ಪರಿಗಣನೆಗೆ ತೆಗೆದುಕೊಂಡಿರಬೇಕು.

ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತದೆ. ಸಾಮಾನ್ಯ ಪ್ರಕರಣಗಳಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲದು. ಕೋಕಾದಲ್ಲಿ ಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ಸ್ವಇಚ್ಛೆಯಿಂದ ಹೇಳುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡು ವಿಧಿಬದ್ಧವಾಗಿ ದಾಖಲಿಸಿದ ಹೇಳಿಕೆಯನ್ನು ಪರಿಗಣಿಸಬಹುದು.

ಜಾಮೀನು ಕಷ್ಟ. ಆರೋಪಿ ತಪ್ಪು ಮಾಡಿಲ್ಲವೆಂದು ನಂಬಲು ಕಾರಣವಿದೆ, ಹೊರಗೆ ಬಂದರೂ ಅಪರಾಧ ಎಸಗಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ದೋಷಾರೋಪ ಪಟ್ಟಿ ಸಲ್ಲಿಸುವ ಅವಧಿಯನ್ನು 180 ದಿನಗಳವರೆಗೆ ವಿಸ್ತರಿಸಲು ಅವಕಾಶವಿದೆ.

ಕಡಿವಾಣವೂ ಇದೆ. ಕಾಯ್ದೆ ಕಠಿಣವಾದ್ದರಿಂದ ಠಾಣೆಯ ಮಟ್ಟದಲ್ಲಿ ಇದನ್ನು ಹೂಡುವಂತಿಲ್ಲ. ಡಿಐಜಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು. ವಿಚಾರಣೆಗೆ ಎಡಿಜಿಪಿ ದರ್ಜೆಯ ಅಧಿಕಾರಿಯ ಮಂಜೂರಾತಿ ಬೇಕು.

ಗುಂಪಿನ ಪ್ರತಿಯೊಬ್ಬ ಸದಸ್ಯನ ಮೇಲೂ ಹಳೆಯ ದೋಷಾರೋಪಗಳಿರಬೇಕೇ ಎಂಬ ಪ್ರಶ್ನೆ ಮತ್ತೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಹತ್ಯೆಯಾದ ಪತ್ರಕರ್ತೆ ಗೌರಿ ಲಂಕೇಶ್ ಪ್ರಕರಣದಲ್ಲಿ ಆರೋಪಿಯೊಬ್ಬನ ಮೇಲಿನ ಕೋಕಾ ಆರೋಪವನ್ನು ಹೈಕೋರ್ಟ್ ರದ್ದುಪಡಿಸಿತ್ತು. ಗೌರಿಯವರ ಸಹೋದರಿ ಕವಿತಾ ಲಂಕೇಶ್ ಮೇಲ್ಮನವಿ ಸಲ್ಲಿಸಿದರು. 2021ರ ಅಕ್ಟೋಬರ್ 21ರಂದು ಸುಪ್ರೀಂ ಕೋರ್ಟ್ ಹೈಕೋರ್ಟ್ ಆದೇಶವನ್ನು ತಳ್ಳಿಹಾಕಿತು. ಪೂರ್ವಾನುಮತಿಯ ಹಂತದಲ್ಲಿ ನೋಡಬೇಕಾದದ್ದು ಸಂಘಟಿತ ಅಪರಾಧ ನಡೆದಿದೆಯೇ ಎಂಬುದನ್ನು. ಪ್ರತಿ ಆರೋಪಿಯ ಮೇಲೂ ಪ್ರತ್ಯೇಕವಾಗಿ ಹಳೆಯ ಪ್ರಕರಣಗಳಿರಬೇಕೆಂದಿಲ್ಲ ಎಂಬುದು ಆ ತೀರ್ಪಿನ ಸಾರ.

ಬೆಳಗಾವಿಯ ತೀರ್ಪು

ಅಂಕೋಲಾದ ಕೊಲೆಯ ವಿಚಾರಣೆ ನಡೆದದ್ದು ಬೆಳಗಾವಿಯ ವಿಶೇಷ ಕೋಕಾ ನ್ಯಾಯಾಲಯದಲ್ಲಿ. 200ಕ್ಕೂ ಹೆಚ್ಚು ಸಾಕ್ಷಿಗಳು, ಸಾವಿರಕ್ಕೂ ಹೆಚ್ಚು ದಾಖಲೆಗಳು ನ್ಯಾಯಾಲಯದ ಮುಂದೆ ಬಂದವು. 2022ರ ಮಾರ್ಚ್ 30ರಂದು ನ್ಯಾಯಾಧೀಶ ಸಿ.ಎಂ. ಜೋಶಿ ಅವರು ಬನ್ನಂಜೆ ರಾಜಾ ಸೇರಿ ಒಂಬತ್ತು ಮಂದಿಯನ್ನು ತಪ್ಪಿತಸ್ಥರೆಂದು ಘೋಷಿಸಿದರು. ಏಪ್ರಿಲ್ 4ರಂದು ಶಿಕ್ಷೆಯ ಪ್ರಮಾಣ ಪ್ರಕಟವಾಯಿತು. ರಾಜಾನಿಗೆ ಜೀವಾವಧಿ. ಆರೋಪಿಗಳಲ್ಲಿ ಕೆಲವರು ಖುಲಾಸೆಯಾದರು.

ರಾಜ್ಯದಲ್ಲಿ ಕೋಕಾ ಅಡಿ ಶಿಕ್ಷೆಯಾದ ಮೊದಲ ಪ್ರಕರಣ ಇದೇ ಎಂದು ಆಗ ವರದಿಯಾಯಿತು. ಕಾಯ್ದೆ ರೂಪುಗೊಂಡು ಎರಡು ದಶಕ ಕಳೆದ ಮೇಲೆ ಬಂದ ಶಿಕ್ಷೆ ಅದು. ಅಂಕೋಲಾ ಪೇಟೆಯಲ್ಲಿ ಗುಂಡು ಹಾರಿದ ದಿನದಿಂದ ಎಣಿಸಿದರೆ ಎಂಟು ವರ್ಷ ಮೂರು ತಿಂಗಳು ದಾಟಿತ್ತು. ಖುಲಾಸೆಯಾದವರ ಸಂಗತಿಯನ್ನೂ ಮರೆಯಬಾರದು. ಕೋಕಾ ಹೂಡಿದ ಮಾತ್ರಕ್ಕೆ ಎಲ್ಲರಿಗೂ ಶಿಕ್ಷೆಯಾಗುವುದಿಲ್ಲ. ಒಬ್ಬೊಬ್ಬರ ಪಾತ್ರವೂ ಬೇರೆ ಬೇರೆಯಾಗಿ ಸಾಬೀತಾಗಬೇಕು.

ಹಣಕೋಣ, 22 ಸೆಪ್ಟೆಂಬರ್ 2024

ಕಾಳಿ ನದಿಯ ಆಚೆ, ಗೋವಾ ಗಡಿಯ ಕಡೆಗಿರುವ ಕಾರವಾರ ತಾಲ್ಲೂಕಿನ ಊರು ಹಣಕೋಣ. ಪುಣೆಯಲ್ಲಿ ಉದ್ಯಮ ನಡೆಸುತ್ತಿದ್ದ ಈ ಊರಿನವರೊಬ್ಬರು ಸ್ವಂತ ಮನೆಗೆ ಬಂದಿದ್ದರು. ಭಾನುವಾರ ನಸುಕಿನಲ್ಲಿ ಮನೆಗೆ ನುಗ್ಗಿದ ಗುಂಪು ಅವರನ್ನು ಕಡಿದು ಕೊಂದಿತು. ತಡೆಯಲು ಹೋದ ಪತ್ನಿಗೂ ತೀವ್ರ ಗಾಯಗಳಾದವು.

ಪ್ರಕರಣ ದಾಖಲಾದದ್ದು ಚಿತ್ತಾಕುಲ ಠಾಣೆಯಲ್ಲಿ. ಬಂಧಿತರಾದವರು ಹೊರರಾಜ್ಯದ ಕೂಲಿ ಹಂತಕರು. ಅವರನ್ನು ಕಳುಹಿಸಿದ್ದು ಸತ್ತವರಿಗೆ ಪರಿಚಿತನಾಗಿದ್ದ ಗೋವಾದ ಉದ್ಯಮಿ ಎಂದು ಪೊಲೀಸರು ಹೇಳಿದರು. ಆದರೆ ಅವನನ್ನು ಹಿಡಿಯುವ ಮೊದಲೇ, ಕೊಲೆ ನಡೆದ ಕೆಲವೇ ದಿನಗಳಲ್ಲಿ ಅವನ ಶವ ಗೋವಾದ ಮಾಂಡವಿ ನದಿಯಲ್ಲಿ ಸಿಕ್ಕಿತು.

ಆರೋಪಿ ಸತ್ತರೆ ಅವನ ಮಟ್ಟಿಗೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಸತ್ತವನನ್ನು ಕಟಕಟೆಗೆ ನಿಲ್ಲಿಸುವಂತಿಲ್ಲ. ಅವನು ತಪ್ಪಿತಸ್ಥನೆಂದು ಯಾವ ನ್ಯಾಯಾಲಯವೂ ಹೇಳದು, ಅಲ್ಲವೆಂದೂ ಹೇಳದು. ಉಳಿದವರ ವಿಚಾರಣೆ ಮುಂದುವರಿಯಬೇಕು. ಆಗ ತನಿಖೆಗೆ ಒಂದು ವಿಚಿತ್ರ ಕಷ್ಟ ಎದುರಾಗುತ್ತದೆ. 'ಮಾಡಿಸಿದವನು ಅವನು' ಎಂದು ಸತ್ತವನ ತಲೆಗೆ ಕಟ್ಟಿ ಬದುಕಿರುವವರು ಕೈ ತೊಳೆದುಕೊಳ್ಳಲು ನೋಡಬಹುದು. ಹಾಗಾಗದಂತೆ ಪ್ರತಿಯೊಬ್ಬನ ಕೆಲಸವನ್ನೂ ಪ್ರತ್ಯೇಕ ಸಾಕ್ಷ್ಯದಿಂದ ತೋರಿಸಬೇಕಾಗುತ್ತದೆ.

ಗೆಳೆಯರೇ ಕೊಂದಾಗ

ಅಪರಿಚಿತ ಹಂತಕ ಬಾಗಿಲು ಮುರಿದು ಬರಬೇಕು. ಪರಿಚಿತನಿಗೆ ಬಾಗಿಲು ತಾನಾಗಿ ತೆರೆಯುತ್ತದೆ. ಊರಿಗೆ ಬರುವ ದಿನ, ಹೊರಡುವ ಹೊತ್ತು, ಮನೆಯಲ್ಲಿ ಯಾರಿದ್ದಾರೆ ಎಂಬುದೆಲ್ಲ ಅವನಿಗೆ ಗೊತ್ತಿರುತ್ತದೆ.

ಇದಕ್ಕೆ ಭಾರತದ ಅಪರಾಧ ಚರಿತ್ರೆಯಲ್ಲಿ ಕುಖ್ಯಾತ ಉದಾಹರಣೆ ಪುಣೆಯ ಜೋಶಿ–ಅಭ್ಯಂಕರ್ ಪ್ರಕರಣ. ಅಲ್ಲಿನ ಅಭಿನವ ಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳ ಗುಂಪು 1976ರ ಜನವರಿಯಿಂದ 1977ರ ಮಾರ್ಚ್‌ವರೆಗೆ ಹತ್ತು ಮಂದಿಯನ್ನು ಕೊಂದಿತು. ಮೊದಲು ಬಲಿಯಾದವನು ಅವರದೇ ಕಾಲೇಜಿನ ಸಹಪಾಠಿ. ಹೆಗ್ಡೆ ಎಂಬ, ನಮ್ಮ ಕರಾವಳಿಗೆ ಪರಿಚಿತವಾದ ಅಡ್ಡಹೆಸರಿನ ಹೋಟೆಲ್ ಮಾಲೀಕರೊಬ್ಬರ ಮಗ. ಹಣಕ್ಕಾಗಿ ಅವನನ್ನು ಕರೆದೊಯ್ದು, ಮನೆ ಬಿಟ್ಟು ಹೋಗುತ್ತಿರುವುದಾಗಿ ಅವನ ಕೈಯಲ್ಲೇ ಚೀಟಿ ಬರೆಸಿಕೊಂಡು ಕೊಂದರು. ಕೊನೆಯ ಬಲಿಯೂ ಪರಿಚಿತನೇ: ಇನ್ನೊಬ್ಬ ಕಾಲೇಜು ಮಿತ್ರನ ತಮ್ಮ.

ಗುಂಪಿನ ಒಬ್ಬ ಮಾಫಿ ಸಾಕ್ಷಿಯಾದ ಮೇಲೆ ಇಡೀ ಸರಣಿ ನ್ಯಾಯಾಲಯದ ಮುಂದೆ ಬಿಚ್ಚಿಕೊಂಡಿತು. ರಾಜೇಂದ್ರ ಜಕ್ಕಲ್, ದಿಲೀಪ್ ಸುತಾರ್, ಶಾಂತಾರಾಮ್ ಜಗತಾಪ್, ಮುನಾವರ್ ಶಾಹ್ ಈ ನಾಲ್ವರನ್ನು 1983ರ ನವೆಂಬರ್ 27ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು.

ಗೆಳೆಯರೇ ಕೊಂದ ಪ್ರಕರಣಗಳಲ್ಲಿ 'ಕೊನೆಯ ಬಾರಿ ಜೊತೆಯಲ್ಲಿ ಕಂಡದ್ದು' ಎಂಬ ಸಾಕ್ಷ್ಯ ಹೆಚ್ಚಾಗಿ ಬರುತ್ತದೆ. ಸತ್ತವನು ಆರೋಪಿಯ ಜೊತೆ ಹೋದದ್ದನ್ನು ಯಾರೋ ನೋಡಿರುತ್ತಾರೆ. ಜೊತೆಯಲ್ಲಿ ಕಂಡ ಹೊತ್ತಿಗೂ ಸಾವಿಗೂ ನಡುವಿನ ಅಂತರ ಚಿಕ್ಕದಾಗಿದ್ದರೆ, ಆಮೇಲೆ ಏನಾಯಿತೆಂದು ಹೇಳುವ ಹೊಣೆ ಆರೋಪಿಯ ಮೇಲೂ ಬೀಳುತ್ತದೆ. ಆದರೆ ಗೆಳೆಯರು ಜೊತೆಗಿರುವುದು ಸಹಜ. ಆದ್ದರಿಂದ ಇದೊಂದನ್ನೇ ಹಿಡಿದು ಶಿಕ್ಷೆ ಕೊಡಲಾಗದು, ಬೇರೆ ಸಾಕ್ಷ್ಯದ ಬೆಂಬಲ ಬೇಕೆಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ.

ಸಂಚು ಸಾಬೀತಾಗುವುದು ಹೇಗೆ?

ಸಂಚು ಮುಚ್ಚಿದ ಬಾಗಿಲ ಹಿಂದಿನ ವ್ಯವಹಾರ. ಅದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಸಿಗುವುದು ಅಪರೂಪ. ಕೊಂಡಿಗೆ ಕೊಂಡಿ ಜೋಡಿಸಿ ಸರಪಳಿ ಕಟ್ಟಬೇಕು.

ಕರೆ: ಯಾರು ಯಾರಿಗೆ, ಯಾವಾಗ, ಯಾವ ಟವರ್ ವ್ಯಾಪ್ತಿಯಿಂದ ಕರೆ ಮಾಡಿದರು ಎಂಬ ವಿವರ. ಇಂಥ ವಿದ್ಯುನ್ಮಾನ ದಾಖಲೆಗಳಿಗೆ ಪ್ರಮಾಣಪತ್ರ ಬೇಕು. ಮೊದಲು ಸಾಕ್ಷ್ಯ ಕಾಯ್ದೆಯ 65ಬಿ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅದನ್ನು ಕೇಳುತ್ತದೆ.

ದನಿ: ಬೆದರಿಕೆ ಕರೆಯ ಧ್ವನಿಮುದ್ರಣವಿದ್ದರೆ ಆರೋಪಿಯ ದನಿಯೊಂದಿಗೆ ಹೋಲಿಸಬಹುದು. ದನಿಯ ಮಾದರಿ ಕೊಡುವಂತೆ ಮ್ಯಾಜಿಸ್ಟ್ರೇಟ್ ಆದೇಶಿಸಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದಕ್ಕೆ ನೇರ ಅವಕಾಶವಿದೆ.

ಹಣ ಮತ್ತು ವಾಹನ: ಮುಂಗಡ ಯಾರಿಂದ ಹೋಯಿತು, ಲಾಡ್ಜ್‌ನಲ್ಲಿ ಯಾರ ಹೆಸರಿನಲ್ಲಿ ಕೋಣೆ ಪಡೆದರು, ಬಂದ ಕಾರು ಯಾರದು, ಟೋಲ್ ಮತ್ತು ಸಿಸಿಟಿವಿ ಕ್ಯಾಮೆರಾಗಳಲ್ಲಿ ಏನು ಕಂಡಿತು ಎಂಬ ವಿವರಗಳು.

ಆಯುಧ: ಆರೋಪಿ ತೋರಿಸಿದ ಜಾಗದಲ್ಲಿ ಆಯುಧ ಸಿಕ್ಕರೆ ಆ ಪತ್ತೆಗೆ ಕಾರಣವಾದ ಮಾತಿನಷ್ಟು ಭಾಗ ಸಾಕ್ಷ್ಯವಾಗುತ್ತದೆ. ಗುಂಡು ಇದೇ ಪಿಸ್ತೂಲಿನದೇ ಎಂಬುದನ್ನು ವಿಧಿವಿಜ್ಞಾನ ಪ್ರಯೋಗಾಲಯ ಹೇಳುತ್ತದೆ.

ಮಾಫಿ ಸಾಕ್ಷಿ: ಕೃತ್ಯದಲ್ಲಿ ಪಾಲುಗೊಂಡವನೇ ಎಲ್ಲವನ್ನೂ ನಿಜವಾಗಿ ಹೇಳುವ ಷರತ್ತಿನ ಮೇಲೆ ಕ್ಷಮೆ ಪಡೆದು ಸಾಕ್ಷಿಯಾಗುವುದು. ಮಾತು ತಪ್ಪಿದರೆ ಕ್ಷಮೆ ಹೋಗುತ್ತದೆ.

ಈ ಸರಪಳಿ ಎಷ್ಟು ಗಟ್ಟಿಯಾಗಿರಬೇಕೆಂಬುದಕ್ಕೆ ಇಂದಿಗೂ ಅಳತೆಗೋಲು 1984ರ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದ ತೀರ್ಪು. ಸಾಂದರ್ಭಿಕ ಸಾಕ್ಷ್ಯಕ್ಕೆ ಅದು ಐದು ಸೂತ್ರಗಳನ್ನು ಕೊಟ್ಟಿತು. ನ್ಯಾಯವಾದಿಗಳು ಅದನ್ನು 'ಪಂಚಶೀಲ' ಎನ್ನುತ್ತಾರೆ. ಪ್ರತಿ ಸಂಗತಿಯೂ ಸಂಪೂರ್ಣವಾಗಿ ಸಾಬೀತಾಗಬೇಕು, ಎಲ್ಲವೂ ಆರೋಪಿಯ ತಪ್ಪನ್ನಷ್ಟೇ ತೋರಬೇಕು, ಬೇರೆ ವಿವರಣೆಗೆ ಎಡೆ ಇರಬಾರದು ಎಂಬುದು ಅದರ ಒಟ್ಟು ಆಶಯ.

ಹೊಸ ಸಂಹಿತೆಯಲ್ಲಿ ಏನಿದೆ?

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಅಂಕೋಲಾದ ಪ್ರಕರಣ ಹಳೆಯ ಸಂಹಿತೆಯ ಕಾಲದ್ದು, ಹಣಕೋಣದ್ದು ಹೊಸದರ ಕಾಲದ್ದು. ಜನರ ಬಾಯಲ್ಲಿದ್ದ '302' ಈಗ 103 ಆಗಿದೆ. ಸಂಚಿಗಿದ್ದ 120ಬಿ ಈಗ 61ನೇ ಕಲಂ. ಸಂಚಿನಲ್ಲಿ ಪಾಲುಗೊಂಡದ್ದು ಸಾಬೀತಾದರೆ, ಕತ್ತಿ ಮುಟ್ಟದವನಿಗೂ ಕೊಲೆಗಾರನಷ್ಟೇ ಶಿಕ್ಷೆ ಆಗಬಹುದು.

ದೊಡ್ಡ ಬದಲಾವಣೆ 111ನೇ ಕಲಂನಲ್ಲಿದೆ. ಸಂಘಟಿತ ಅಪರಾಧದ ವ್ಯಾಖ್ಯೆ ಮೊದಲ ಬಾರಿಗೆ ಇಡೀ ದೇಶದ ದಂಡ ಕಾನೂನಿನಲ್ಲಿ ಸೇರಿತು. ಸುಲಿಗೆಯ ಜೊತೆಗೆ ಸುಪಾರಿ ಕೊಲೆಯನ್ನೂ ಅದು ಹೆಸರಿಸಿ ಹೇಳುತ್ತದೆ. ಸಾವು ಸಂಭವಿಸಿದರೆ ಮರಣದಂಡನೆ ಅಥವಾ ಜೀವಾವಧಿ, ಜೊತೆಗೆ ಕನಿಷ್ಠ 10 ಲಕ್ಷ ರೂಪಾಯಿ ದಂಡ. ಆದರೆ ಹಗೆಯಿಂದ ಒಮ್ಮೆ ಕೊಟ್ಟ ಸುಪಾರಿಯೆಲ್ಲ ಇದರಡಿ ಬರುವುದಿಲ್ಲ. ಕೋಕಾದಂತೆ ಇಲ್ಲೂ ಗುಂಪಿನ ಹಳೆಯ ಚರಿತ್ರೆಯನ್ನು ತೋರಿಸಬೇಕು.

ಉತ್ತರ ಸಿಗದ ಹಳೆಯ ಪ್ರಶ್ನೆ

ಜಿಲ್ಲೆಯಲ್ಲಿ ಇದಕ್ಕೂ ಹಿಂದೆ ಸಾರ್ವಜನಿಕ ವ್ಯಕ್ತಿಗಳ ಹತ್ಯೆಗಳು ನಡೆದಿದ್ದವು. ಭಟ್ಕಳದ ಶಾಸಕ ಡಾ. ಯು. ಚಿತ್ತರಂಜನ್ ಅವರನ್ನು 1996ರ ಏಪ್ರಿಲ್ 10ರಂದು ಅವರ ಮನೆಯಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು. ಕಾರವಾರದ ಶಾಸಕ ವಸಂತ ಅಸ್ನೋಟಿಕರ್ 2000ದ ಫೆಬ್ರುವರಿಯಲ್ಲಿ ಕಾರವಾರದಲ್ಲೇ ಗುಂಡಿಗೆ ಬಲಿಯಾದರು. ಚಿತ್ತರಂಜನ್ ಪ್ರಕರಣ ಸಿಬಿಐವರೆಗೆ ಹೋಯಿತು. ಆದರೂ ಕೊಂದವರು ಯಾರೆಂಬುದು ಬಯಲಾಗಲಿಲ್ಲ. ಗುಂಡು ಹಾರಿಸಿದ ಕೈಯೇ ಸಿಗದಿದ್ದರೆ ಅದರ ಹಿಂದಿನ ಸಂಚಿನವರೆಗೆ ಹೋಗಲು ದಾರಿಯಿಲ್ಲ. ಅಂಕೋಲಾದಲ್ಲಿ ಗನ್‌ಮ್ಯಾನ್‌ನ ಪ್ರತಿದಾಳಿಯಿಂದ ಒಂದು ಕೈ ಸ್ಥಳದಲ್ಲೇ ಉಳಿಯಿತು.

ಬೆದರಿಕೆ ಕರೆ ಬಂದರೆ

ಹಫ್ತಾ ಕರೆ ಬಂದವರಲ್ಲಿ ಹಲವರು ಮರ್ಯಾದೆಗೆ ಅಂಜಿ, ವ್ಯಾಪಾರಕ್ಕೆ ಅಂಜಿ ಬಾಯಿ ಬಿಡುವುದಿಲ್ಲ. ಕೆಲವರು ಒಂದಿಷ್ಟು ಕೊಟ್ಟು ಪಾರಾಗಲು ನೋಡುತ್ತಾರೆ. ಕೊಟ್ಟವರಿಗೆ ಎರಡನೆಯ ಕರೆ ತಪ್ಪುವುದಿಲ್ಲ.

ಕರೆ ಬಂದ ಸಂಖ್ಯೆ, ದಿನ, ಹೊತ್ತು ಬರೆದಿಡಿ. ಧ್ವನಿಮುದ್ರಣ, ಸಂದೇಶಗಳನ್ನು ಅಳಿಸಬೇಡಿ. ಅವು ಇರುವ ಮೊಬೈಲನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ. ಹತ್ತಿರದ ಠಾಣೆಗೆ ಲಿಖಿತ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ. ಅದನ್ನು ಉಚಿತವಾಗಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಠಾಣೆಯ ವ್ಯಾಪ್ತಿಯ ನೆಪ ಹೇಳಿ ದೂರು ನಿರಾಕರಿಸುವಂತಿಲ್ಲ, 'ಝೀರೋ ಎಫ್‌ಐಆರ್' ಇರುವುದು ಅದಕ್ಕೇ. ತುರ್ತಿಗೆ 112. ಸಾಕ್ಷಿ ಹೇಳಲು ಅಂಜಿಕೆಯಿದ್ದರೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ರಕ್ಷಣೆ ಕೇಳಬಹುದು.

ದೂರು ಕೊಟ್ಟ ಮಾತ್ರಕ್ಕೆ ಜೀವ ಉಳಿದೇ ಉಳಿಯುತ್ತದೆ ಎನ್ನಲಾಗದು. ನಾಯಕರ ಪಕ್ಕದಲ್ಲಿ ಗನ್‌ಮ್ಯಾನ್ ಇದ್ದರೂ ಅವರು ಉಳಿಯಲಿಲ್ಲ. ಆದರೆ ಅವರಿಗಿದ್ದ ಬೆದರಿಕೆ ಮೊದಲೇ ಪೊಲೀಸರ ಗಮನದಲ್ಲಿತ್ತು. ಗನ್‌ಮ್ಯಾನ್ ಅಲ್ಲಿದ್ದದ್ದು ಆ ಕಾರಣಕ್ಕೇ. ಆ ದಿನ ಅಂಕೋಲಾದಲ್ಲಿ ಇಲ್ಲದಿದ್ದವನಿಗೂ ಬೆಳಗಾವಿಯಲ್ಲಿ ಜೀವಾವಧಿ ಶಿಕ್ಷೆಯಾಯಿತು.